ಡ್ರಮ್ ಕೂರದಿದ್ದಾಗ ಏನು ಮಾಡಬೇಕೆಂಬುದೇ ನಿಮ್ಮ ಲೇಖನದಲ್ಲಿಲ್ಲ

ಮಾನ್ಯರೇ,

ಕಾರಿನ ಹಿಂಬದಿ ಚಕ್ರಗಳ ಬ್ರೇಕ್ ಶೂಗಳನ್ನು (ಡ್ರಮ್ ಎಂಬ ತಿರುಗುವ ಬಟ್ಟಲಿನ ಒಳಗೋಡೆಗೆ ಒತ್ತಿ ಚಕ್ರ ನಿಲ್ಲಿಸುವ ಕಮಾನುಗಳನ್ನು) ಮನೆಯಲ್ಲೇ ಬದಲಿಸುವುದನ್ನು ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಚಕ್ರ ಬಿಚ್ಚುವುದು, ಡ್ರಮ್ಮಿನ ಮೇಲಿನ ಎರಡು ರಂಧ್ರಗಳಿಗೆ ಬೋಲ್ಟ್ ತಿರುಗಿಸಿ ಅದನ್ನು ಹೊರತಳ್ಳುವುದು, ಸ್ಪ್ರಿಂಗ್ ಕಳಚುವುದು, ಇವನ್ನೆಲ್ಲ ಸಾವಧಾನವಾಗಿ ವಿವರಿಸಿದ ನೀವು, ಹೊಸ ಶೂಗಳ ಮೇಲೆ ಡ್ರಮ್ ಕೂರದಿದ್ದರೆ ‘ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ’ ಎಂಬ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದೀರಿ. ಓದುಗನಿಗೆ ನಿಮ್ಮ ನೆರವು ಬೇಕಾಗುವುದು ಸರಿಯಾಗಿ ಅಲ್ಲಿಯೇ. ಬಿಚ್ಚುವ ಕೆಲಸವನ್ನು ಅವನು ಹೇಗೋ ಮಾಡಿಕೊಂಡಿರುತ್ತಾನೆ. ಕಾರು ಜಾಕ್ ಸ್ಟ್ಯಾಂಡಿನ ಮೇಲಿದ್ದು, ಡ್ರಮ್ ಅರ್ಧಕ್ಕೆ ನಿಂತಾಗ ದಿಕ್ಕು ತೋಚದೆ ಕೂರುತ್ತಾನೆ.

ಸುತ್ತಿಗೆಯ ಸಲಹೆಯನ್ನು ದಯವಿಟ್ಟು ತೆಗೆದುಹಾಕಿ. ಡ್ರಮ್ ಬೀಡು ಕಬ್ಬಿಣದ್ದು. ಪೆಟ್ಟಿಗೆ ಅಂಚು ಸೀಳಬಹುದು. ಸೀಳದೆ ಒಳಹೋದರೂ ಶೂಗಳು ಸದಾ ಉಜ್ಜುತ್ತಲೇ ಇದ್ದು, ಡ್ರಮ್ ಕಾದು, ಹೊಸ ಲೈನಿಂಗ್ (ಶೂ ಮೇಲಿನ ಉಜ್ಜುವ ಪದರ) ಕೆಲವೇ ದಿನಗಳಲ್ಲಿ ಗಾಜಿನಂತೆ ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ.

ಅದರ ಬದಲು ಕಾರಣದಿಂದ ಆರಂಭಿಸಿ. ಹಳೆಯ ಲೈನಿಂಗ್ ಸವೆಯುತ್ತ ಹೋದಂತೆ ಆ ಅಂತರವನ್ನು ತುಂಬಲು ಎರಡು ಶೂಗಳ ನಡುವಿನ ಅಡ್ಜಸ್ಟರ್ ಎಂಬ ಥ್ರೆಡ್ ಇರುವ ಸಲಾಕೆ ಉದ್ದವಾಗುತ್ತ ಬಂದಿರುತ್ತದೆ. ಅದೇ ಉದ್ದದಲ್ಲಿ ದಪ್ಪನೆಯ ಹೊಸ ಲೈನಿಂಗ್ ಕೂರಿಸಿದರೆ ಎರಡೂ ಶೂಗಳ ಒಟ್ಟು ವ್ಯಾಸ ಡ್ರಮ್ಮಿನ ಒಳವ್ಯಾಸಕ್ಕಿಂತ ಹೆಚ್ಚಾಗುವುದು ಸಹಜ. ಆದ್ದರಿಂದ ಮೊದಲು ಅಡ್ಜಸ್ಟರನ್ನು ಪೂರ್ತಿ ಹಿಂದಕ್ಕೆ ತಿರುಗಿಸಬೇಕು. ಅದರಿಂದಲೂ ಆಗದಿದ್ದರೆ ಹ್ಯಾಂಡ್‌ಬ್ರೇಕ್ ನೋಡಬೇಕು. ಇದನ್ನು ನೀವು ಎಲ್ಲಿಯೂ ಹೇಳಿಲ್ಲ, ನನ್ನ ದೃಷ್ಟಿಯಲ್ಲಿ ಇದೇ ಲೇಖನದ ದೊಡ್ಡ ಕೊರತೆ. ಶೂ ಸವೆದಾಗ ಹ್ಯಾಂಡ್‌ಬ್ರೇಕ್ ಸಡಿಲವಾಯಿತೆಂದು ಅನೇಕರು ಕೇಬಲ್ಲನ್ನೇ ಬಿಗಿಸಿಬಿಟ್ಟಿರುತ್ತಾರೆ. ಹಿಡಿ ಪೂರ್ತಿ ಕೆಳಗಿದ್ದರೂ ಕೇಬಲ್ ಶೂ ಮೇಲಿನ ಲಿವರನ್ನು ಎಳೆದೇ ಇಟ್ಟಿರುತ್ತದೆ. ಲಿವರಿನ ನಿಲುಗಡೆ ಶೂವಿನ ಅಂಚಿಗೆ ತಾಗಿ ಕುಳಿತಿದೆಯೇ ಎಂದು ಕಣ್ಣಿನಿಂದಲೇ ಖಚಿತಪಡಿಸಿಕೊಳ್ಳಬಹುದು. ಕುಳಿತಿಲ್ಲವಾದರೆ ಕೇಬಲ್ ಸಡಿಲಿಸಿ, ಬ್ರೇಕ್ ಕೆಲಸವೆಲ್ಲ ಮುಗಿದ ಮೇಲಷ್ಟೇ ಅದನ್ನು ಮತ್ತೆ ಬಿಗಿಸಬೇಕು.

ಮೂರನೆಯದಾಗಿ ವೀಲ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಪಿಸ್ಟನ್‌ಗಳ ಮೂಲಕ ಶೂಗಳನ್ನು ಹೊರತಳ್ಳುವ ಭಾಗ. ಶೂವಿನ ತುದಿ ಪಿಸ್ಟನ್ನಿನ ಸೀಳಿನಲ್ಲಿ ಸರಿಯಾಗಿ ಕೂರದೆ ಓರೆಯಾಗಿದ್ದರೂ ಡ್ರಮ್ ತಡೆಯುತ್ತದೆ. ಪಿಸ್ಟನ್‌ಗಳನ್ನು ಒಳಕ್ಕೆ ಒತ್ತುವ ಮುನ್ನ ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನೋಡಬೇಕೆಂದು ಸೇರಿಸಿ, ತುಂಬಿದ್ದರೆ ಅದು ಉಕ್ಕಿ ಬಣ್ಣ ಸುಲಿಯುತ್ತದೆ. ಡ್ರಮ್ ಇಲ್ಲದಾಗ ಪೆಡಲ್ ಒತ್ತಬಾರದೆಂಬ ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಹಾಕುವಂತೆ ಬರೆಯಿರಿ. ಪಿಸ್ಟನ್‌ಗಳು ಹೊರಜಿಗಿದು ಆಯಿಲ್ಲೆಲ್ಲ ಹೊಸ ಲೈನಿಂಗ್ ಮೇಲೆ ಸುರಿಯಬಹುದು.

ಹಳೆಯ ಡ್ರಮ್ಮನ್ನೇ ಉಳಿಸಿಕೊಂಡವರಿಗೆ ಇನ್ನೊಂದು ತೊಡಕಿದೆ. ಶೂ ಉಜ್ಜಿದ ಭಾಗ ಸವೆದು, ಉಜ್ಜದ ಹೊರ ಅಂಚು ಏಣಾಗಿ ಉಳಿದಿರುತ್ತದೆ. ಹೊಸ ಶೂ ಆ ಉಬ್ಬಿದ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಏಣು ಚಿಕ್ಕದಾಗಿದ್ದರೆ ಲೇತಿನಲ್ಲಿ ತೆಗೆಸಬಹುದು, ಆದರೆ ಡ್ರಮ್ಮಿನ ಮೇಲೆಯೇ ಅಚ್ಚಾಗಿರುವ ಗರಿಷ್ಠ ವ್ಯಾಸವನ್ನು ಮೀರಿದ್ದರೆ ಹೊಸದನ್ನೇ ತರಬೇಕು. ಹಾಗೆಯೇ, ಜೋಡಿಸುವ ಮೊದಲೇ ಶೂವನ್ನು ಡ್ರಮ್ಮಿನ ಒಳಗಿಟ್ಟು ನೋಡುವ ಪರೀಕ್ಷೆಯನ್ನು ಸೇರಿಸಿ. ಎರಡೂ ತುದಿಗಳು ಮಾತ್ರ ತಾಗಿ ನಡುವೆ ಸಂದು ಬಿಟ್ಟರೆ ಆ ಶೂ ಆ ಡ್ರಮ್ಮಿನದಲ್ಲ, ಅಂಗಡಿಗೆ ಹಿಂದಿರುಗಿಸುವುದೇ ಸರಿ.

ಎಡ ಮತ್ತು ಬಲ ಅಡ್ಜಸ್ಟರುಗಳ ಥ್ರೆಡ್ ಅನೇಕ ಕಾರುಗಳಲ್ಲಿ ಪರಸ್ಪರ ವಿರುದ್ಧವಾಗಿರುತ್ತದೆ. ಅದಲುಬದಲಾದರೆ ಇಂದು ಡ್ರಮ್ ಕೂರುತ್ತದೆ, ಆದರೆ ಮುಂದೆ ಅಡ್ಜಸ್ಟರ್ ಬಿಗಿಯಾಗುವ ಬದಲು ಸಡಿಲವಾಗುತ್ತ ಹೋಗುತ್ತದೆ. ಒಂದು ಬದಿ ಮುಗಿಯುವವರೆಗೆ ಇನ್ನೊಂದನ್ನು ಬಿಚ್ಚದಿದ್ದರೆ ಈ ಗೊಂದಲವೇ ಇರದು, ನೋಡಿ ಹೋಲಿಸಲು ಮಾದರಿಯೂ ಉಳಿಯುತ್ತದೆ.

ಡ್ರಮ್ ಕೂರುವ ಹಬ್‌ನ (ಚಕ್ರದ ನಡುಭಾಗದ) ಮುಖದ ತುಕ್ಕನ್ನು ಎಮೆರಿ ಪೇಪರಿನಿಂದ ತೆಗೆಯುವ ನಿಮ್ಮ ಭಾಗ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಡ್ರಮ್ಮಿನೊಳಗಿನ ಪುಡಿಯನ್ನು ಊದಿ ತೆಗೆಯಿರಿ ಎಂಬುದನ್ನು ಮಾತ್ರ ಬದಲಿಸಿ: ಹಳೆಯ ಲೈನಿಂಗಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಒದ್ದೆ ಬಟ್ಟೆಯಿಂದ ಒರೆಸಬೇಕು. ತಿದ್ದಿದ ಪ್ರತಿಯ ಜೊತೆಗೆ, ಡ್ರಮ್ ತೆಗೆದ ಕೂಡಲೇ, ಸ್ಪ್ರಿಂಗುಗಳನ್ನು ಮುಟ್ಟುವ ಮೊದಲು ತೆಗೆದ ಸ್ಪಷ್ಟವಾದ ಒಂದು ಚಿತ್ರವನ್ನೂ ಕಳುಹಿಸಿ.

ಸಂಪಾದಕ