ಕಣ್ಣಿನ ಹಿಂದಿನ ಗಡ್ಡೆ: ಕಾದು ನೋಡುವುದೆಂದರೆ ಏನು?

ಮದ್ದೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಅಕ್ಕನ ಎಡಗಣ್ಣು ತುಸು ಮುಂದಕ್ಕೆ ಬಂದಂತಿತ್ತು. ಮೈಸೂರಿನಲ್ಲಿ ಎಂಆರ್‌ಐ ಮಾಡಿಸಿದಾಗ ಕಣ್ಣಿನ ಹಿಂದೆ ಗಡ್ಡೆ ಕಂಡಿದೆ. ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ ಎನ್ನುವ ವೈದ್ಯರು, ಅದು ಬೆಳೆಯುತ್ತದೆಯೇ ಎಂದರೆ ಖಚಿತವಾಗಿ ಹೇಳಲಾಗದು ಎನ್ನುತ್ತಾರೆ. ಸುಮ್ಮನೆ ಕೂರುವುದು ಸರಿಯೇ?’

ಸಂಪಾದಕರ ಉತ್ತರ:

ಮಾನ್ಯರೇ, ಖಚಿತವಾಗಿ ಹೇಳಲಾಗದು ಎಂದರೆಂಬ ಒಂದೇ ಕಾರಣಕ್ಕೆ ಆ ವೈದ್ಯರನ್ನು ತಾವು ಅನುಮಾನಿಸಬೇಕಾಗಿಲ್ಲ. ಕಣ್ಣುಗುಡ್ಡೆ ಕೂತಿರುವ ಮೂಳೆಯ ಗೂಡಿನಲ್ಲಿರುವ ಜಾಗ ಸುಮಾರು 30 ಮಿಲಿಲೀಟರ್ ಮಾತ್ರ. ಅಷ್ಟರಲ್ಲೇ ಸ್ನಾಯು, ಕೊಬ್ಬು, ರಕ್ತನಾಳ, ದೃಷ್ಟಿನರ ಎಲ್ಲವೂ ಇರುವುದರಿಂದ, ಗಡ್ಡೆ ಎಷ್ಟು ದೊಡ್ಡದು ಎನ್ನುವುದರ ಜೊತೆಗೆ ಎಲ್ಲಿದೆ ಎಂಬುದನ್ನೂ ನೋಡಬೇಕಾಗುತ್ತದೆ. ಕಣ್ಣನ್ನು ಮುಂದಕ್ಕೆ ದೂಡಿಯೂ ದೃಷ್ಟಿಯನ್ನು ಕೆಡಿಸದ ಗಡ್ಡೆಗಳುಂಟು; ನರವು ಮಿದುಳಿನ ಕಡೆ ಹಾಯುವ ಇಕ್ಕಟ್ಟಿನಲ್ಲಿ ಕಡಲೆಕಾಳಿನಷ್ಟಿದ್ದೇ ದೃಷ್ಟಿ ಮಸುಕಾಗಿಸುವವೂ ಉಂಟು.

ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ರಕ್ತನಾಳದ ಗಂಟು, ಅಂದರೆ ಕ್ಯಾವರ್ನಸ್ ಹೆಮಾಂಜಿಯೋಮಾ, ಕೆಲವರಲ್ಲಿ ವರ್ಷಗಟ್ಟಲೆ ಇದ್ದ ಹಾಗೇ ಇರುತ್ತದೆ, ಕೆಲವರಲ್ಲಿ ನಿಧಾನವಾಗಿ ಹಿಗ್ಗುತ್ತದೆ. ದೃಷ್ಟಿನರದ ಹೊದಿಕೆಯಲ್ಲಿ ಹುಟ್ಟುವ ಮೆನಿಂಜಿಯೋಮಾ ಬೇರೆಯದೇ ತಂಟೆ: ಅದನ್ನು ಕೊಯ್ದು ತೆಗೆಯಹೋದರೆ ನರಕ್ಕೆ ರಕ್ತ ಒದಗಿಸುವ ಸಣ್ಣ ನಾಳಗಳಿಗೆ ಪೆಟ್ಟಾಗಿ ಇದ್ದ ದೃಷ್ಟಿಯೂ ಹೋಗಬಹುದು, ಆದ್ದರಿಂದ ದೃಷ್ಟಿ ಕುಗ್ಗತೊಡಗಿದಾಗ ಸಾಮಾನ್ಯವಾಗಿ ವಿಕಿರಣ ಚಿಕಿತ್ಸೆಯ ಕಡೆ ನೋಡುತ್ತಾರೆ. ಮಕ್ಕಳ ದೃಷ್ಟಿನರದ ಗ್ಲಯೋಮಾ ಅಪರೂಪಕ್ಕೆ ತಾನಾಗಿಯೇ ಕುಗ್ಗಿದ್ದೂ ಇದೆ. ಆದರೆ ಮಗುವಿನ ಕಣ್ಣು ಕೆಲವೇ ದಿನಗಳಲ್ಲಿ ಊದಿಕೊಂಡು ಮುಂದೆ ಬಂದರೆ, ಅದು ರ‍್ಯಾಬ್ಡೋಮಯೋಸಾರ್ಕೋಮಾ ಎಂಬ ಕ್ಯಾನ್ಸರ್ ಆಗಿರಬಹುದಾದ್ದರಿಂದ, ಅಲ್ಲಿ ಕಾಯುವ ಮಾತೇ ಇಲ್ಲ.

ತಮ್ಮ ಅಕ್ಕನವರದು ಯಾವ ಬಗೆಯದೆಂದು ಅಂದಾಜಿಸಿದ್ದಾರೆ, ನರಕ್ಕೆ ತಾಗಿದೆಯೇ ಎಂಬೆರಡನ್ನೂ ಕೇಳಿ ತಿಳಿದುಕೊಳ್ಳಿ. ಮದುವೆಯ ಹಾಗೂ ಆಮೇಲಿನ ಹಳೆಯ ಫೋಟೋಗಳನ್ನು ಒಯ್ಯಿರಿ. ಕಣ್ಣು ಯಾವಾಗಿನಿಂದ ಮುಂದೆ ಬಂದಿದೆ ಎಂಬುದು ಅವುಗಳಲ್ಲಿ ಗೊತ್ತಾಗುತ್ತದೆ. ಮನೆಯಲ್ಲಿ ಒಂದೊಂದೇ ಕಣ್ಣು ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರಿನ ಭಾನುವಾರದ ಕೆಂಪು ಅಂಕಿಗಳನ್ನು ನೋಡಲಿ. ಎಡಗಣ್ಣಿಗೆ ಆ ಕೆಂಪು ಪೇಲವವಾಗಿ ಕಂಡರೆ ನರ ಒತ್ತಡಕ್ಕೆ ಸಿಕ್ಕಿರಬಹುದು. ಹಾಗಾದರೆ, ಅಥವಾ ನೋವು ಬಂದರೆ, ಒಂದು ವಸ್ತು ಎರಡಾಗಿ ಕಂಡರೆ, ಆರು ತಿಂಗಳ ಗಡುವನ್ನು ಮರೆತು ಕೂಡಲೇ ಆಸ್ಪತ್ರೆಗೆ ಹೋಗಬೇಕು. (ಯಾರೋ ಹೇಳಿದರೆಂದು ಸೊಪ್ಪಿನ ರಸ ಬಿಡುವುದು ಬೇಡ; ಗಡ್ಡೆಯಿರುವುದು ಕಣ್ಣಿನ ಹಿಂದೆ, ರಸ ಅಲ್ಲಿಗೆ ತಲುಪುವುದಿಲ್ಲ, ಕಣ್ಣು ಮಾತ್ರ ಕೆಡುತ್ತದೆ.) ಮುಂದಿನ ಸ್ಕ್ಯಾನಿಗೆ ಹೋಗುವಾಗ ಈಗಿನದರ ಸಿ.ಡಿ. ಜೊತೆಗಿರಲಿ. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಅಳೆಯಬೇಕಾಗುತ್ತದೆ, ವರದಿಯ ಕಾಗದವೊಂದೇ ಅದಕ್ಕೆ ಸಾಲದು.