ಪ್ರತಿಕ್ರಿಯೆ: ಅಪ್ಪನಿಗೆ ಟ್ಯಾಬ್‌ನಲ್ಲಿ ಅರ್ಧ ಮಾತು ಕೇಳಿಸಲ್ಲ

ನಿಮ್ಮ ತಂದೆಗೆ ಎಡಗಿವಿ ಮಂದ, ಇಯರ್‌ಫೋನ್ ಹಾಕಿದರೂ ಅರ್ಧ ಮಾತು ತಪ್ಪುತ್ತದೆ, ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಏನು ಮಾಡಬಹುದು ಅಂತ ಕೇಳಿದ್ದೀರಿ. ಮಂಡ್ಯದಲ್ಲಿರುವ ನಮ್ಮಮ್ಮನದೂ ಇದೇ ಕಥೆ.

ಸುಮ್ನೆ ವಾಲ್ಯೂಮ್ ಜಾಸ್ತಿ ಮಾಡಬೇಡಿ, ಚೆನ್ನಾಗಿರುವ ಕಿವಿಗೂ ತೊಂದರೆ. ಸ್ಟೀರಿಯೋದಲ್ಲಿ ಕೆಲವು ಶಬ್ದ ಎಡಕ್ಕೆ ಮಾತ್ರ ಬರುತ್ತವೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ‘ಮೋನೋ ಆಡಿಯೋ’ ಆನ್ ಮಾಡಿ. ಎರಡೂ ಕಡೆಯ ಶಬ್ದ ಬೆರೆತು ಬಲಗಿವಿಗೇ ಪೂರ್ತಿ ಸಿಗುತ್ತದೆ. ಐಪ್ಯಾಡ್‌ನಲ್ಲೂ ಇದಿದೆ. ಎಡ-ಬಲದ ಬ್ಯಾಲೆನ್ಸ್ ಪಟ್ಟಿಯೂ ಅಲ್ಲೇ ಇರುತ್ತದೆ, ಯಾರೋ ಗೊತ್ತಿಲ್ಲದೆ ಸರಿಸಿರಬಹುದು, ನೋಡಿ.

ಮನೆಯವರ ಮಾತಿಗೆ ‘ಲೈವ್ ಟ್ರಾನ್ಸ್‌ಕ್ರೈಬ್’ ಹಾಕಿಕೊಡಿ. ಎದುರಿನವರು ಆಡಿದ್ದು ಅಕ್ಷರವಾಗಿ ಮೂಡುತ್ತದೆ, ಭಾಷೆಯಲ್ಲಿ ಕನ್ನಡ ಆರಿಸಿ, ಅಕ್ಷರ ದೊಡ್ಡದು ಮಾಡಿ. ಫ್ಯಾನ್ ಸದ್ದಿದ್ದರೆ, ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಎಡವಟ್ಟೇ. ‘ಊಟ ಆಯ್ತಾ’ ಅಂದಿದ್ದು ಏನೇನೋ ಆಗಿ, ಅಮ್ಮ ಬಿದ್ದುಬಿದ್ದು ನಕ್ಕಿದ್ದರು!

ಆದರೆ ಕಿವಿ ಪರೀಕ್ಷೆ ಆಗಿದೆಯಾ? ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, 1965ರಲ್ಲಿ ಶುರುವಾಗಿದ್ದು, ಅಲ್ಲಿಗೊಮ್ಮೆ ಕರೆದುಕೊಂಡು ಹೋಗಿ. ಬರೀ ಗುಗ್ಗೆ ಕಟ್ಟಿದ್ದರೆ ಟ್ಯಾಬ್ ಏನು ಮಾಡೀತು, ಅಲ್ವಾ? ಶ್ರವಣ ಸಾಧನ ಕೊಳ್ಳುವುದಾದರೆ ಟ್ಯಾಬ್ ಜೊತೆಗೇ ಒಯ್ದು, ಬ್ಲೂಟೂತ್‌ನಲ್ಲಿ ಅದಕ್ಕೆ ಜೋಡಣೆ ಆಗುತ್ತದಾ ಅಂತ ಅಲ್ಲೇ ನೋಡಿಬಿಡಿ.