ಹಳೆಯ ಟ್ಯಾಕ್ಸ್ ರಿಟರ್ನ್ ಎಲ್ಲಿ ಹುಡುಕಲಿ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. 2006, 2007, 2008ನೇ ಸಾಲಿಗೆ ನಾನು ಟ್ರೆಡಿಷನಲ್ ಐಆರ್‌ಎಗೆ (ನಿವೃತ್ತಿಗೆಂದು ನಾವೇ ತೆರೆಯುವ ಉಳಿತಾಯ ಖಾತೆ) 4,000, 4,000, 5,000 ಡಾಲರ್ ಹಾಕಿದ್ದೆ. ಆಫೀಸಿನಲ್ಲಿ 401(ಕೆ) (ಕಂಪನಿಯ ನಿವೃತ್ತಿ ಉಳಿತಾಯ ಯೋಜನೆ) ಇತ್ತು, ಸಂಬಳವೂ ಜಾಸ್ತಿ ಇತ್ತು, ಹಾಗಾಗಿ ಡಿಡಕ್ಷನ್ ಸಿಗಲಿಲ್ಲ, ಅಂದರೆ ಹಾಕಿದ ಹಣವನ್ನು ತೆರಿಗೆಯ ಆದಾಯದಿಂದ ಕಳೆಯಲು ಆಗಲಿಲ್ಲ. ಆಗ ನಮ್ಮ ಟ್ಯಾಕ್ಸ್ ಫೈಲ್ ಮಾಡುತ್ತಿದ್ದವರು ಕೆಲಸ ಬಿಟ್ಟು ಎಲ್ಲಿಗೋ ಹೋಗಿದ್ದಾರೆ. ಈಗ ರಿಟೈರ್ ಆಗುವ ಹೊತ್ತು. ಆ 13,000ಕ್ಕೆ ಮತ್ತೆ ತೆರಿಗೆ ಕಟ್ಟಬೇಕಾ? ಐಆರ್‌ಎಸ್‌ನಿಂದ (ಅಮೆರಿಕದ ತೆರಿಗೆ ಇಲಾಖೆ) ಹಳೆಯ ರಿಟರ್ನ್ ತರಿಸಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅಷ್ಟು ಹಳೆಯದು ಅಲ್ಲಿ ಸಿಗುವುದಿಲ್ಲ. ಫಾರ್ಮ್ 4506 ತುಂಬಿ ದುಡ್ಡು ಕಟ್ಟಿದರೆ ರಿಟರ್ನಿನ ಪ್ರತಿ ಕೊಡುತ್ತಾರೆ ನಿಜ, ಆದರೆ ಸಾಮಾನ್ಯವಾಗಿ 7 ವರ್ಷದವರೆಗಿನದ್ದು ಮಾತ್ರ. ಆಮೇಲೆ ಅವರೇ ನಾಶ ಮಾಡುತ್ತಾರೆ. ಪುಕ್ಕಟೆ ಸಿಗುವ ವೇಜ್ ಅಂಡ್ ಇನ್‌ಕಮ್ ಟ್ರಾನ್ಸ್‌ಕ್ರಿಪ್ಟ್ (ನಿಮ್ಮ ಸಂಬಳ, ಆದಾಯದ ಬಗ್ಗೆ ಅವರಿಗೆ ಬಂದ ವರದಿಗಳ ಪಟ್ಟಿ) ಸುಮಾರು 10 ವರ್ಷ ಹಿಂದಕ್ಕೆ ಹೋಗುತ್ತದೆ, ಅಷ್ಟೇ. ನಿಮ್ಮದು ಎರಡನ್ನೂ ದಾಟಿದೆ.

ಅಂದಮೇಲೆ ಹುಡುಕಬೇಕಾದ್ದು ನಿಮ್ಮ ಕಡೆಯೇ. ಆ 13,000ಕ್ಕೆ ಆಗಲೇ ತೆರಿಗೆ ಕಟ್ಟಿದ್ದೀರಿ, ಮತ್ತೆ ಕಟ್ಟಬೇಕಿಲ್ಲ, ಆದರೆ ಅದಕ್ಕೆ ಎರಡು ವಿಷಯ ತೋರಿಸಬೇಕು: ಹಣ ಹಾಕಿದ್ದು, ಡಿಡಕ್ಷನ್ ತೆಗೆದುಕೊಳ್ಳದೇ ಇದ್ದದ್ದು. ಮೊದಲನೆಯದಕ್ಕೆ ಐಆರ್‌ಎ ಇಟ್ಟಿದ್ದ ಕಂಪನಿ ಪ್ರತಿ ವರ್ಷ ಕಳಿಸುತ್ತಿದ್ದ ಫಾರ್ಮ್ 5498 ಸಾಕು. ಅದರ 1ನೇ ಬಾಕ್ಸಿನಲ್ಲಿ ಆ ವರ್ಷದ ಲೆಕ್ಕಕ್ಕೆ ಹಾಕಿದ ಮೊತ್ತ ಇರುತ್ತದೆ. 2007ರ ಮಾರ್ಚ್‌ನಲ್ಲಿ ಹಾಕಿದ್ದು 2006ರ ಲೆಕ್ಕಕ್ಕೂ ಹೋಗಿರಬಹುದು, ಚೆಕ್ಕಿನ ತಾರೀಖು ನೋಡಿ ಗಾಬರಿಯಾಗಬೇಡಿ. ಆದರೆ ಡಿಡಕ್ಷನ್ ತೆಗೆದುಕೊಂಡಿರೋ ಇಲ್ಲವೋ ಅನ್ನುವುದನ್ನು 5498 ಹೇಳುವುದಿಲ್ಲ. ಅದಕ್ಕೆ ಫಾರ್ಮ್ 1040ರ, ಅಂದರೆ ಟ್ಯಾಕ್ಸ್ ರಿಟರ್ನಿನ, ಮೊದಲ ಪುಟವೇ ಬೇಕು. ನಿಮ್ಮ ಮೂರೂ ವರ್ಷಗಳಲ್ಲಿ ಐಆರ್‌ಎ ಡಿಡಕ್ಷನ್ 32ನೇ ಸಾಲಿನಲ್ಲಿತ್ತು. ಅದು ಖಾಲಿ ಇದ್ದರೆ ನೀವು ಗೆದ್ದಿರಿ. ಹಿಂದೆ ಫಾರ್ಮ್ 8606 (ಡಿಡಕ್ಷನ್ ಇಲ್ಲದೆ ಐಆರ್‌ಎಗೆ ಹಾಕಿದ ಹಣದ ಲೆಕ್ಕ ಕೊಡುವ ಫಾರ್ಮ್) ಲಗತ್ತಿಸಿದ್ದು ಸಿಕ್ಕಿತೋ, ಅರ್ಧ ಕೆಲಸ ಮುಗಿಯಿತು.

ಸರಿ, ಆ ಪುಟ ಎಲ್ಲಿ? ಇನ್ನೊಬ್ಬರಿಗೆ ಯಾವಾಗ ಕೊಟ್ಟಿದ್ದೆ ಅಂತ ಯೋಚಿಸಿ. ಮನೆ ಸಾಲಕ್ಕೆ ರಿಟರ್ನ್ ಕೊಟ್ಟಿರುತ್ತೀರಿ. ಅಪ್ಪ ಅಮ್ಮನ ಗ್ರೀನ್ ಕಾರ್ಡಿಗೆ ಐ-864 (ಅವರ ಖರ್ಚಿಗೆ ನಾನು ಹೊಣೆ ಅನ್ನುವ ಫಾರ್ಮ್) ಹಾಕಿದ್ದರೆ ಅದರ ಜೊತೆ ಇರುತ್ತದೆ. ಹಳೆಯ ಇಮೇಲ್‌ನಲ್ಲಿ ‘1040’ ಅಂತ ಹುಡುಕಿ.

ನನ್ನ 2007ರ ರಿಟರ್ನ್ ಸಿಕ್ಕಿದ್ದು ಶಿವಮೊಗ್ಗದಲ್ಲಿ, ಅಮ್ಮನ ಗೋದ್ರೇಜ್ ಬೀರುವಿನಲ್ಲಿ. ಚೆನ್ನೈ ಕಾನ್ಸುಲೇಟಿನ ವಿಸಿಟರ್ ವೀಸಾ ಇಂಟರ್‌ವ್ಯೂಗೆ ಅಂತ ಕೊರಿಯರ್ ಮಾಡಿದ್ದೆ. ಅಲ್ಲಿ ಅದನ್ನು ಯಾರೂ ಬಿಚ್ಚಿ ಕೂಡ ನೋಡಲಿಲ್ಲವಂತೆ. ಅಮ್ಮ ಕಾಗದ ಅಂತ ಯಾವುದನ್ನೂ ಬಿಸಾಡಿದವಳಲ್ಲ. ಎಲ್‌ಐಸಿ ಬಾಂಡು, ರೇಷನ್ ಕಾರ್ಡಿನ ಕೆಳಗೆ ಹಳದಿ ಫೈಲಿನಲ್ಲಿ ಕಟ್ಟಿಟ್ಟಿದ್ದಳು. ಪಿನ್ನು ತುಕ್ಕು ಹಿಡಿದು ಮೂಲೆಯಲ್ಲಿ ಕಂದು ಕಲೆ ಬಿದ್ದಿತ್ತು. 32ನೇ ಸಾಲು ಖಾಲಿ. ಖಾಲಿ ಜಾಗ ನೋಡಿ ನಾನು ಅಷ್ಟು ಖುಷಿಪಟ್ಟದ್ದು ಅದೇ ಮೊದಲು! ಊರಿಗೆ ಒಂದು ಫೋನ್ ಮಾಡಿ ನೋಡಿ, ನಷ್ಟವೇನಿಲ್ಲ ಅಲ್ವಾ?

8606 ಕೊಟ್ಟೇ ಇರಲಿಲ್ಲ ಅಂತಾದರೆ ಈಗ ಕೊಡಿ. ಆಯಾ ವರ್ಷದ ಫಾರ್ಮನ್ನೇ ಐಆರ್‌ಎಸ್ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ, ಈ ವರ್ಷದ್ದರಲ್ಲಿ ತುಂಬಬೇಡಿ. 2006ರ 14ನೇ ಸಾಲಿನಲ್ಲಿ ಬರುವ 4,000ವನ್ನು 2007ರ 2ನೇ ಸಾಲಿಗೆ ಒಯ್ಯಿರಿ. ಅಲ್ಲಿ 8,000 ಆಗುತ್ತದೆ, 2008ರಲ್ಲಿ 13,000. ಆಮೇಲೆ ಹಣ ತೆಗೆದಿದ್ದರೆ ಆ ವರ್ಷದ ಲೆಕ್ಕವನ್ನೂ ಸೇರಿಸಬೇಕು. ಸಹಿ ಹಾಕುವುದನ್ನು ಮರೆಯಬೇಡಿ. ತಡವಾದ ಒಂದೊಂದು ಫಾರ್ಮಿಗೆ 50 ಡಾಲರ್ ದಂಡ ಅಂತ ನಿಯಮ ಇದೆ. ಸರಿಯಾದ ಕಾರಣ ಇದ್ದರೆ ಬಿಡಬಹುದು, ಹಾಗಾಗಿ ನಾಲ್ಕು ಸಾಲಿನ ಪತ್ರ ಜೊತೆಗಿಡಿ. ಕೊಡದೇ ಹೋದರೆ ನೀವು ತೆರಿಗೆ ಕಟ್ಟಿ ಹಾಕಿದ ಆ 13,000ವನ್ನು ಸೊನ್ನೆ ಅಂತಲೇ ಲೆಕ್ಕ ಹಿಡಿದು, ಎಲ್ಲಕ್ಕೂ ತೆರಿಗೆ ಹಾಕುವ ಅಪಾಯ ಇದೆ. ಅದರ ಮುಂದೆ 150 ಡಾಲರ್ ಯಾವ ಲೆಕ್ಕ!

ಇನ್ನು ಒಂದು ತಪ್ಪು ತಿಳುವಳಿಕೆ. ‘ಮೊದಲು ನನ್ನ 13,000 ತೆಗೆಯುತ್ತೇನೆ, ತೆರಿಗೆ ಇಲ್ಲ’ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಹಾಗಾಗುವುದಿಲ್ಲ. ಹಳೆಯ 401(ಕೆ)ಯಿಂದ ತಂದ ರೋಲ್‌ಓವರ್ ಐಆರ್‌ಎಯೂ ಸೇರಿ ನಿಮ್ಮ ಎಲ್ಲ ಟ್ರೆಡಿಷನಲ್ ಐಆರ್‌ಎಗಳನ್ನೂ ಒಟ್ಟಿಗೆ ಹಿಡಿಯುತ್ತಾರೆ. ಒಟ್ಟು 52,000 ಇದೆ ಅಂದುಕೊಳ್ಳಿ. 13,000 ಅದರ ಕಾಲು ಭಾಗ. 8,000 ತೆಗೆದರೆ 2,000ಕ್ಕೆ ತೆರಿಗೆ ಇಲ್ಲ, ಉಳಿದ 6,000ಕ್ಕೆ ಇದೆ.

ನ್ಯೂಜೆರ್ಸಿಯ ಲೆಕ್ಕ ಬೇರೆ. ಆ ರಾಜ್ಯ ಐಆರ್‌ಎಗೆ ಡಿಡಕ್ಷನ್ ಕೊಡುವುದೇ ಇಲ್ಲ. ಅಂದರೆ ನ್ಯೂಜೆರ್ಸಿಯಲ್ಲಿದ್ದಾಗ ಫೆಡರಲ್ (ಕೇಂದ್ರ ಸರ್ಕಾರದ) ತೆರಿಗೆಯಲ್ಲಿ ಡಿಡಕ್ಷನ್ ತೆಗೆದುಕೊಂಡ ವರ್ಷಗಳು ಬೇರೆ ಇದ್ದರೆ, ಆಗ ಹಾಕಿದ್ದಕ್ಕೂ ರಾಜ್ಯಕ್ಕೆ ತೆರಿಗೆ ಕಟ್ಟಿದ್ದೀರಿ. ಅದಕ್ಕೂ ಪ್ರತ್ಯೇಕ ಲೆಕ್ಕ ಇಡಬೇಕು. ಹೇಗೂ ಫೈಲು ಬಿಚ್ಚಿರುತ್ತೀರಲ್ಲ, ಬೇರೆ ವರ್ಷಗಳ 5498 ಕಂಡರೆ ಅವನ್ನೂ ಎತ್ತಿಟ್ಟುಕೊಳ್ಳಿ.